ಹಗಲು ಎಂಬ ಪರದೆ

ಗೋಡೆಯ ಮೇಲಿನ ಪರದೆಯಲ್ಲಿ ಒಂದು ಪುಟ್ಟ ಅಂಗಾಲು ಮೂಡಿತು. ಬೆರಳುಗಳ ನಡುವೆ ಸಿಕ್ಕಿಕೊಂಡಿದ್ದ ಹತ್ತಿಯ ಎಳೆ, ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ನಸುನೀಲಿ. ಕೈ ಚಾಚಿದರೆ ಬೆಚ್ಚಗೆ ತಾಗೀತು ಎನ್ನುವ ಹಾಗೆ ಅದು ಅಲ್ಲಿತ್ತು. ಆದರೆ ಆ ಕೂಸು ಮಲಗಿದ್ದದ್ದು ಹೊಳೆಯಾಚೆಯ ಯಾವುದೋ ಹಳ್ಳಿಯ ತೊಟ್ಟಿಲಲ್ಲಿ.

“ಈ ನೀಲಿ ಇವತ್ತಿಂದು,” ಎಂದರು ಮಕ್ಕಳ ಡಾಕ್ಟರು ಅಯಾನ್ ನದಾಫ. “ಹಳೇದಾಗಿದ್ರ ಹಸರಿಗೆ ತಿರಗತಿತ್ತು. ಮುಂಜಾನೆ ಚುಚ್ಚಿ ರಕ್ತ ತಗೊಂಡಾರ, ಅಷ್ಟ. ಇನ್ನ ಆ ಕಡೆ ಪರದೆ ನೋಡ್ರಿ.”

ಪಕ್ಕದ ಪರದೆಯಲ್ಲೂ ಅದೇ ಅಂಗಾಲಿತ್ತು. ಅಲ್ಲಿ ನೀಲಿ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಕ್ಯಾಲೆಂಡರಿನ ಬಾಲಕೃಷ್ಣನ ಪಾದದ ಹಾಗೆ ಗುಲಾಬಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು.

ಅದು ಇಂದಿನಿಂದ ಸುಮಾರು ಮೂರು ದಶಕಗಳ ಮುಂದಿನ ಮಾತು. ಹೆರಿಗೆಯಾದ ಮಾರನೆಯ ದಿನವೇ ತಾಯಿ ಮಗುವನ್ನು ಮನೆಗೆ ಕಳಿಸಿಬಿಡುವುದು ಆಗ ರೂಢಿಯಾಗಿತ್ತು. ಡಾಕ್ಟರುಗಳು ಕಡಿಮೆ, ಹಾಸಿಗೆಗಳು ಇನ್ನೂ ಕಡಿಮೆ. ಅದಕ್ಕೆ ಬದಲಾಗಿ ಪ್ರತಿ ಮನೆಗೂ ‘ತೊಟ್ಟಿಲ ಕಣ್ಣು’ ಎಂಬ ಸಣ್ಣ ಕ್ಯಾಮೆರಾ ಕೊಡುತ್ತಿದ್ದರು. ಜಿಲ್ಲಾ ಆಸ್ಪತ್ರೆಯಲ್ಲಿ ಕೂತ ಡಾಕ್ಟರು ದಿನವೂ ಮುಂಜಾನೆ ಪರದೆಯಲ್ಲಿ ಒಂದೊಂದೇ ಕೂಸನ್ನು ನೋಡಿ, ತಾಯಿಯ ಜೊತೆ ಮಾತಾಡಿ, ಚಲೋ ಇದೆಯೋ ಇಲ್ಲವೋ ಹೇಳಬೇಕು. ಕೂಸಿನ ಮೈ ಮುಟ್ಟುವ ಕೈ ಇಲ್ಲದ ಮೇಲೆ ಪರದೆಯ ಬಣ್ಣವೇ ಡಾಕ್ಟರ ಕಣ್ಣು. ಆದ್ದರಿಂದ ಆ ಜಿಲ್ಲೆಗೆ ಯಾವ ಮಾನಿಟರ್ ಕೊಳ್ಳಬೇಕು ಎಂಬ ಪ್ರಶ್ನೆ ಮೇಜು ಕುರ್ಚಿ ಕೊಳ್ಳುವಂಥ ಪ್ರಶ್ನೆಯಾಗಿರಲಿಲ್ಲ. ಆದರೆ ಅದನ್ನು ಹಾಗೆಯೇ ನೋಡಲಾಯಿತು.

ನೀಲಿ ಕಲೆ ತೋರಿಸಿದ ಪರದೆಯ ಹೆಸರು ‘ಹಗಲು’. ಅದನ್ನು ಕಂಡುಹಿಡಿದವರು ಬೆಳಕಿನ ವಿಜ್ಞಾನಿ ತೇಜಸ್ವಿನಿ ಮುನವಳ್ಳಿ. ಗುಲಾಬಿ ಪಾದ ತೋರಿಸಿದ್ದು ಒಂದು ದೊಡ್ಡ ಕಂಪನಿಯ ‘ಚಂದ್ರಿಕಾ’. ಎರಡನ್ನೂ ಕೆಲವು ತಿಂಗಳು ಅಕ್ಕಪಕ್ಕದಲ್ಲಿ ತೂಗುಹಾಕಿ ಪರೀಕ್ಷೆ ಮಾಡಿ, ಒಂದನ್ನು ಆರಿಸುವುದು ಎಂದು ತೀರ್ಮಾನವಾಗಿತ್ತು. ಸ್ಪಷ್ಟತೆಯಲ್ಲಿ ಎರಡೂ ಸಮ. ಕೂಸಿನ ಹಣೆಯ ಮೇಲಿನ ನವಿರು ಕೂದಲನ್ನು ಎರಡರಲ್ಲೂ ಎಣಿಸಬಹುದಿತ್ತು. ವ್ಯತ್ಯಾಸವಿದ್ದದ್ದು ಬಣ್ಣದಲ್ಲಿ.

ಹಳೆಯ ಪರದೆಗಳೆಲ್ಲ ಕೆಂಪು, ಹಸಿರು, ನೀಲಿ ಎಂಬ ಮೂರೇ ದೀಪಗಳನ್ನು ಬೆರೆಸಿ ನಮ್ಮ ಕಣ್ಣಿಗೆ ಸಾವಿರ ಬಣ್ಣಗಳ ಭ್ರಮೆ ಹುಟ್ಟಿಸುತ್ತವೆ. ಅಲ್ಲಿ ಕಾಣುವ ಹಳದಿಯಲ್ಲಿ ನಿಜವಾದ ಹಳದಿ ಬೆಳಕೇ ಇರುವುದಿಲ್ಲ. ಕೆಂಪು ಹಸಿರು ಸೇರಿ ಆಡಿದ ನಾಟಕ ಅದು. ತೇಜಸ್ವಿನಿಯವರು ಕಾಮನಬಿಲ್ಲನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿದಂತೆ ಮೂವತ್ತಕ್ಕೂ ಹೆಚ್ಚು ಬಗೆಯ ದೀಪಗಳನ್ನು ಒಂದೇ ಚುಕ್ಕೆಯೊಳಗೆ ಕೂರಿಸಿದರು. ವಸ್ತುವಿನಿಂದ ಹೊರಟ ಬೆಳಕು ಹೇಗಿತ್ತೋ ಹಾಗೆಯೇ ಪರದೆಯಿಂದಲೂ ಹೊರಟಿತು. ಪರದೆಯ ಕೆಳಗೊಂದು ಗುಂಡಿ. ಅದನ್ನು ತಿರುಗಿಸಿದರೆ ಅದೇ ಕೂಸು ಎಳೆಬಿಸಿಲಲ್ಲಿ ಹೇಗೆ ಕಾಣುತ್ತದೆ, ನಡುಮಧ್ಯಾಹ್ನ ಹೇಗೆ, ಮೋಡದ ದಿನ ಹೇಗೆ ಎಂದು ತೋರಿಸುತ್ತಿತ್ತು.

ಈ ಗುಂಡಿಯ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವರು ತಮ್ಮ ಅವ್ವನ ಕತೆ ಹೇಳುತ್ತಿದ್ದರು. ಅವ್ವ ಇಳಕಲ್ಲ ಸೀರೆ ಕೊಳ್ಳಲು ಹೋದರೆ ಅಂಗಡಿಯ ದೀಪದ ಕೆಳಗೆ ಎಂದೂ ಆರಿಸಿದವಳಲ್ಲ. ಅಂಗಡಿಯವನು ಎಷ್ಟೇ ಹಾಡಿ ಹೊಗಳಲಿ, ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ಬಾಗಿಲಿಗೆ ನಡೆಯುವಳು. ಹೊಸ್ತಿಲ ಮೇಲೆ ನಿಂತು, ಸೆರಗು ಬಿಡಿಸಿ, ಬಿಸಿಲಿಗೆ ಹಿಡಿದು ನೋಡುವಳು. “ಒಳಗ ಮಾವಿನಹಣ್ಣು, ಹೊರಗ ಹುಣಸಿಹಣ್ಣು. ಒಯ್ದು ಮಡಚಿ ಇಡಪಾ,” ಎಂದು ವಾಪಸು ಕೊಡುವಳು. ಒಂದು ಸೀರೆಗೆ ಅಷ್ಟು ಎಚ್ಚರ!

ಕೂಸಿನ ಪರದೆಗೆ ಆ ಎಚ್ಚರ ಇರಲಿಲ್ಲ.

ಆಯ್ಕೆಯ ಸಭೆ ನಡೆಸಿದವರು ಖರೀದಿ ಅಧಿಕಾರಿ ಚೇತನ ಹಾವನೂರ. ಕೆಟ್ಟ ಮನುಷ್ಯರಲ್ಲ. ಬಂದವರಿಗೆಲ್ಲ ಚಹಾ ಹೇಳಿ, ನಗಿಸಿ, ಹೆಗಲ ಮೇಲೆ ಕೈಹಾಕಿ ಮಾತಾಡುವವರು. ಅಂಥವರೇ ಇಂಥ ಕೆಲಸವನ್ನು ಸಲೀಸಾಗಿ ಮಾಡಿಬಿಡುತ್ತಾರೆ.

“ಮೇಡಮ್, ನಿಮ್ಮ ಮಷಿನ್ ಭಾರಿ ಐತ್ರಿ, ಇಲ್ಲ ಅನ್ನೂದಿಲ್ಲ,” ಎಂದರು ಹಾವನೂರ. “ಆದ್ರ ಅದರಾಗ ನನ್ನ ಮಾರಿ ನೋಡಿಕೊಂಡು ನನಗ ಜ್ವರ ಬಂತು. ಮನ್ಯಾಗ ಇಷ್ಟು ದಿನ ಯಾರೂ ಹೇಳಿದ್ದಿಲ್ಲ, ಇಷ್ಟು ಕೆಟ್ಟ ಕಾಣತೀನಿ ಅಂತ.”

ಎಲ್ಲರೂ ನಕ್ಕರು. ತೇಜಸ್ವಿನಿ ನಗಲಿಲ್ಲ.

“ಮಂದೀನ್ನೂ ಕೇಳೀವ್ರಿ,” ಹಾವನೂರ ಮುಂದುವರಿಸಿದರು. “ಅಜ್ಜಿಗೋಳು ಬಂದು ಎರಡೂ ಪರದೆ ನೋಡಿ, ‘ಇದರಾಗ ನಮ್ಮ ಮೊಮ್ಮಗಳು ಕರ್ರಗ ಕಾಣತಾಳ, ಬ್ಯಾಡ್ರಿ, ಅದು ಚಂದ ಐತಿ’ ಅಂತ ಚಂದ್ರಿಕಾನ್ನ ತೋರಿಸ್ಯಾರ. ನೂರರಾಗ ತೊಂಬತ್ತು ಮಂದಿ. ಪ್ರಜೆಗಳ ಮಾತು ಕೇಳಬೇಕೋ ಬ್ಯಾಡೋ?”

“ಕೂಸಿನ ಪರದೆ ಚಂದ ಇರಬೇಕಂತ ಯಾರು ಹೇಳಿದ್ರು?” ಎಂದರು ತೇಜಸ್ವಿನಿ. “ಥರ್ಮಾಮೀಟರ್ ತಗೋಬೇಕಾದ್ರ, ಕಡಿಮಿ ಜ್ವರ ತೋರಸೂದು ಯಾವುದು ಅಂತ ಆರಿಸಿ ತಗೋತೀರೇನು?”

“ಹಂಗಲ್ರಿ. ಚಂದ್ರಿಕಾದಾಗ ನಮ್ಮ ಪದ್ಧತಿಗೆ ಅಂತನ ಒಂದು ಅನುಕೂಲ ಮಾಡ್ಯಾರ. ಅರಿಷಿಣದ್ದು.”

ಅದು ಹೀಗಿತ್ತು. ಆ ಸೀಮೆಯಲ್ಲಿ ಎಳೆಗೂಸಿಗೆ ಕಡಲೆಹಿಟ್ಟು, ಹಾಲಿನ ಕೆನೆ, ಅರಿಶಿನ ಕಲಸಿ ಮೈಗೆ ತೀಡಿ ಎರೆಯುತ್ತಾರೆ. ಆ ಹಳದಿ ಚರ್ಮದಲ್ಲಿ ಉಳಿದಿರುತ್ತದೆ. ತೊಟ್ಟಿಲ ಕಣ್ಣು ಬಂದ ಹೊಸತರಲ್ಲಿ ಇದನ್ನು ಕಂಡು ಡಾಕ್ಟರುಗಳು ಕಾಮಾಲೆ ಎಂದುಕೊಂಡು ಗಾಡಿ ಕಳಿಸುವರು. ಆಸ್ಪತ್ರೆಗೆ ಬಂದ ಮೇಲೆ ಅದು ಬರೀ ಅರಿಶಿನ ಎಂದು ಗೊತ್ತಾಗುವುದು. ಬಾಣಂತಿಯನ್ನು ಸುಮ್ಮನೆ ಅಲೆದಾಡಿಸಿದಿರಿ ಎಂದು ಮನೆಯವರ ಜಗಳ. ಕಂಪನಿ ಇದಕ್ಕೆ ಸುಲಭದ ದಾರಿ ಹುಡುಕಿತು. ಎಳೆಗೂಸಿನ ಮೈಮೇಲೆ ಹಳದಿ ಕಂಡರೆ ಚಂದ್ರಿಕಾ ತಾನೇ ಅದನ್ನು ಅಳಿಸಿ, ಗುಲಾಬಿ ತುಂಬಿ ತೋರಿಸುವ ಹಾಗೆ ಮಾಡಿತು. ಅದಕ್ಕೆ ‘ಅರಿಶಿನ ತಿದ್ದುಪಡಿ’ ಎಂದು ಹೆಸರಿಟ್ಟು, ನಿಮ್ಮ ಸಂಪ್ರದಾಯಕ್ಕೆ ಒಪ್ಪುವ ಪರದೆ ಎಂದು ಜಾಹೀರಾತು ಮಾಡಿತು.

ತೇಜಸ್ವಿನಿಗೆ ಮೊದಲು ತಾವು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. “ಅಳಸತೈತಿ? ಯಾವ ಹಳದೀನ್ನ ಅಳಸತೈತಿ?”

“ಅರಿಷಿಣದ್ದು.”

“ಅದು ಅರಿಷಿಣದ್ದು ಅಂತ ಅದಕ್ಕ ಹೆಂಗ ಗೊತ್ತು? ಮೂರು ದೀಪದ ಪರದೀಗೆ ಅರಿಷಿಣದ ಹಳದಿನೂ ಒಂದ, ಕಾಮಾಲಿ ಹಳದಿನೂ ಒಂದ. ಅರಿಷಿಣ ಬೆಳಕಿನ ಒಂದು ಪಟ್ಟಿ ನುಂಗತೈತಿ, ಕಾಮಾಲಿ ಅದರ ಬಾಜೂಕಿನ ಇನ್ನೊಂದು ಪಟ್ಟಿ ನುಂಗತೈತಿ. ಬೆಳಕು ಬದಲಿ ಮಾಡಿದ್ರ ಎರಡೂ ಬ್ಯಾರೆ ಬ್ಯಾರೆ ಕಾಣತಾವ. ಅದಕ್ಕಂತನ ನಾ ಆ ಗುಂಡಿ ಇಟ್ಟೀನಿ. ನಿಮ್ಮ ಚಂದ್ರಿಕಾ ಬೆಂಕಿ ಗಂಟೀನ್ನ ಕಿತ್ತು, ಗದ್ದಲ ಕಡಿಮಿ ಆತು ಅನ್ನಾಕತ್ತೈತಿ!”

“ಮೇಡಮ್, ಸಿಟ್ಟಾಗಬ್ಯಾಡ್ರಿ. ಚಹಾ ಆರತೈತಿ,” ಎಂದರು ಹಾವನೂರ.

ಸಭೆ ಚಂದ್ರಿಕಾವನ್ನು ಆರಿಸಿತು. ಡಾಕ್ಟರ್ ನದಾಫ ಒಬ್ಬರೇ ಬೇಡವೆಂದರು. ಅವರ ಮಾತನ್ನು ಕೇಳಿಸಿಕೊಂಡು, ತಲೆದೂಗಿ, ಬಿಟ್ಟುಬಿಟ್ಟರು.

ಮಾರನೆಯ ಬೆಳಿಗ್ಗೆ ತೇಜಸ್ವಿನಿ ತಮ್ಮ ಪರದೆಯನ್ನು ಒಯ್ಯಲು ಬಂದರು. ಅದನ್ನು ಗೋಡೆಯಿಂದ ಇಳಿಸಿ, ಮೇಜಿಗೆ ಒರಗಿಸಿ, ಹಳೆಯ ಕೌದಿಯೊಂದನ್ನು ಸುತ್ತುತ್ತಿದ್ದರು. ನದಾಫರು ಚಂದ್ರಿಕಾದ ಮುಂದೆ ಕೂತು ದಿನದ ಕೂಸುಗಳನ್ನು ನೋಡುತ್ತಿದ್ದರು. ಹಾವನೂರರೂ ಅಲ್ಲೇ ಇದ್ದರು, ಎಲ್ಲ ಸುಸೂತ್ರವಾಗಿದೆಯೇ ಎಂದು ನೋಡಿಹೋಗಲು.

ಪರದೆಯಲ್ಲಿ ಇಂಚರಾ ಎಂಬ ಹೊಸ ಬಾಣಂತಿ ಕಾಣಿಸಿದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕಿಟಕಿ ಮುಚ್ಚಿದ ಬಾಣಂತಿ ಕೋಣೆ, ಒಂದೇ ದೀಪ, ಲೋಬಾನದ ತೆಳು ಹೊಗೆ. ಪಕ್ಕದಲ್ಲಿ ಅವಳ ತಾಯಿ ಪೂರ್ಣಿಮಾ. ತೊಡೆಯ ಮೇಲೆ ಐದು ದಿನದ ಹೆಣ್ಣುಕೂಸು, ರೋಜಾ ಹೂವಿನ ಬಣ್ಣಕ್ಕೆ ಮಲಗಿತ್ತು.

“ಹಾಲು ಕುಡಿತೈತೇನ್ ತಂಗಿ?” ಎಂದು ನದಾಫರು ಕೇಳಿದರು.

“ಕಡಿಮಿ ಮಾಡ್ಯಾಳ್ರಿ ಡಾಕ್ಟ್ರ. ಎಬ್ಬಿಸಿದ್ರೂ ಏಳವಲ್ಲಳು.”

“ಭಾಳ ಶಾಂತ ಕೂಸು ಐತ್ರಿ,” ಎಂದು ಪೂರ್ಣಿಮಾ ನಡುವೆ ಬಾಯಿ ಹಾಕಿದಳು. “ಇವಳಂಗಲ್ಲ. ಇವಳು ಹುಟ್ಟಿದಾಗ ಓಣಿ ಮಂದೀನ್ನ ಮಲಗಗೊಟ್ಟಿದ್ದಿಲ್ಲ.”

“ಅವ್ವಾ, ಸುಮ್ನಿರ. ಡಾಕ್ಟ್ರ, ಮತ್ತ... ಆಕಿ ಉಚ್ಚಿ ಅರಿವಿ ಹಳದಿ ಆಗಾಕತ್ತಾವ್ರಿ.”

ಕೌದಿಯ ತುದಿ ಹಿಡಿದಿದ್ದ ತೇಜಸ್ವಿನಿಯ ಕೈ ನಿಂತಿತು. ಅವರು ನದಾಫರ ಮುಖ ನೋಡಿದರು. ನದಾಫರು ಚಂದ್ರಿಕಾದಲ್ಲಿದ್ದ ಗುಲಾಬಿ ಕೂಸನ್ನು ನೋಡುತ್ತಿದ್ದರು. ಅವರ ಕಣ್ಣಿಗೂ ಕಿವಿಗೂ ಜಗಳ ಹತ್ತಿತ್ತು.

ತೇಜಸ್ವಿನಿ ಯಾರನ್ನೂ ಕೇಳಲಿಲ್ಲ. ಕೌದಿ ಕಿತ್ತೆಸೆದು, ಹಗಲು ಪರದೆಗೆ ತಂತಿ ಸಿಕ್ಕಿಸಿದರು. ಮೇಜಿಗೆ ಒರಗಿದ್ದ ಪರದೆಯಲ್ಲಿ ಅದೇ ಕೋಣೆ, ಅದೇ ತೊಡೆ, ಅದೇ ಕೂಸು. ಕೂಸು ಹಣೆಯಿಂದ ಹೊಕ್ಕುಳದ ಕೆಳಗಿನವರೆಗೂ ಹಳದಿಯಾಗಿತ್ತು.

“ಏನ್ ಮಾಡಾಕತ್ತೀರಿ ಮೇಡಮ್?” ಎಂದರು ಹಾವನೂರ. “ಅದು ಅರಿಷಿಣ. ಇದ ನೋಡ್ರಿ ನಿಮ್ಮ ಪರದಿ ತೊಂದರಿ, ಮಂದೀನ್ನ ಹೆದರಸತೈತಿ.”

“ಹೌದ್ರಿ ಯವ್ವಾ, ಮುಂಜಾನೆನ ತೀಡಿ ಎರದೀನಿ,” ಎಂದಳು ಆ ಕಡೆಯಿಂದ ಪೂರ್ಣಿಮಾ.

ತೇಜಸ್ವಿನಿ ಗುಂಡಿಯನ್ನು ತಿರುಗಿಸಿದರು. ಪರದೆಯೊಳಗಿನ ಬೆಳಕು ಎಳೆಬಿಸಿಲಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಮೋಡಕ್ಕೆ ಸರಿಯಿತು. ಕೂಸಿನ ತೋಳಿನ ಮಡಿಕೆಯಲ್ಲಿದ್ದ ಹಳದಿ ಮಾಸಿಹೋಯಿತು. ಅದು ಅರಿಶಿನ. ಎದೆಯ ಹಳದಿ, ಹೊಟ್ಟೆಯ ಹಳದಿ ಕದಲಲಿಲ್ಲ.

“ಗಾಡಿ ಕಳಸ್ರಿ ಡಾಕ್ಟ್ರ,” ಎಂದರು ತೇಜಸ್ವಿನಿ.

“ತಡೀರಿ,” ಹಾವನೂರರ ದನಿಯಲ್ಲಿ ಈಗ ನಗೆಯಿರಲಿಲ್ಲ. “ನಿನ್ನೆ ಬ್ಯಾಡ ಅಂದ ಪರದಿ ಅದು. ಅದನ್ನ ನೋಡಿ ಔಷಧ ಉಪಚಾರ ಮಾಡಾಕ ಬರೂದಿಲ್ಲ. ನಾಳೆ ಏನರ ಆದ್ರ ಉತ್ತರ ಕೊಡೋರು ಯಾರು? ನಾವು ಒಪ್ಪಿದ ಪರದ್ಯಾಗ ಕೂಸು ಚಲೋ ಐತಿ.”

ಒಂದು ಕೂಸಿನ ಎರಡು ಚಿತ್ರಗಳ ನಡುವೆ ಮೂವರು ದೊಡ್ಡವರು ನಿಂತಿದ್ದರು. ತೊಡೆಯ ಮೇಲೆ ಮಗು ಏಳದೆ ಮಲಗಿದೆ. ಇಲ್ಲಿ ಯಾವ ಪರದೆಗೆ ಮಾನ್ಯತೆ ಇದೆ ಎಂಬ ಚರ್ಚೆ! ತೇಜಸ್ವಿನಿಗೆ ಆ ಚಂದ್ರಿಕಾವನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಮರುಕ್ಷಣವೇ ಅವರಿಗೆ ಅವ್ವ ನೆನಪಾದಳು. ಬಗಲಲ್ಲಿ ಸೀರೆ, ಅಂಗಡಿಯ ಹೊಸ್ತಿಲು.

ಅವರು ಕ್ಯಾಮೆರಾದ ಹತ್ತಿರ ಬಾಗಿದರು. “ತಂಗಿ ಇಂಚರಾ, ಎರಡೂ ಪರದಿ ಸುಡಲಿ. ನೀ ಕೂಸನ್ನ ಎತಗೊಂಡು ಬಾಗಲಾಕ ಹೋಗು. ಬಿಸಲಿಗೆ.”

“ಯವ್ವಾ, ಬ್ಯಾಡ್ರಿ!” ಎಂದಳು ಪೂರ್ಣಿಮಾ. “ಹಸಿ ಬಾಣಂತಿ, ಐದು ದಿನದ ಕೂಸು. ಗಾಳಿ ಬಡಿತೈತಿ. ನೋಡಿದವರ ಕಣ್ಣ ಬೀಳತಾವ.”

“ಕಣ್ಣು ಬೀಳಲಿ ಅಂತನ ಹೇಳಾಕತ್ತೀನಿ ಅಕ್ಕಾ. ಇಷ್ಟು ದಿನ ಒಂದು ಕಣ್ಣೂ ಬಿದ್ದಿಲ್ಲ.”

ಇಂಚರಾ ತಾಯಿಯ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. ಗೋಡೆ ಹಿಡಿದುಕೊಂಡು ಎದ್ದಳು. ತಲೆಯ ಬಟ್ಟೆ ಬಿಗಿಮಾಡಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು. ಪೂರ್ಣಿಮಾ ಬೇಡವೇ ಬೇಡ ಎನ್ನುತ್ತಲೇ ಮಗಳ ಮೊಣಕೈಗೆ ಆಸರೆಯಾದಳು. ಇಬ್ಬರೂ ಕ್ಯಾಮೆರಾದಿಂದ ಮರೆಯಾದರು. ಆಸ್ಪತ್ರೆಯ ಎರಡೂ ಪರದೆಗಳಲ್ಲಿ ಖಾಲಿ ಹಾಸಿಗೆ ಮಾತ್ರ ಉಳಿಯಿತು. ಮಾತು ಕೇಳಿಸುತ್ತಿತ್ತು.

“ಮೂಗಿನ ತುದಿ ಮ್ಯಾಲೆ ಬೆರಳ ಒತ್ತಿ ಬಿಡು,” ಎಂದರು ನದಾಫರು. “ಒತ್ತಿದ ಜಾಗ ಯಾವ ಬಣ್ಣ ಆಕ್ಕೈತಿ?”

“ಹಳದಿ... ಹಳದಿ ಐತ್ರಿ.”

“ಮೆಲ್ಲಕ ಒಂದು ರೆಪ್ಪಿ ಎತ್ತು. ಕಣ್ಣಿನ ಒಳಗ ಅರಿಷಿಣ ಹಚ್ಚಿಲ್ಲಲ್ಲ ನಿಮ್ಮವ್ವ?”

ಆಮೇಲೆ ಕೇಳಿಸಿದ್ದು ಪೂರ್ಣಿಮಾಳ ದನಿ. “ಅಯ್ಯ ನನ ಶಿವನ! ಕಣ್ಣಾಗೂ ಹಳದಿ ಐತಲ್ರಿ. ಡಾಕ್ಟ್ರ, ಲಗೂನ ಏನರ ಮಾಡ್ರಿ!”

ನದಾಫರು ಹಾವನೂರರ ಕಡೆ ತಿರುಗಿಯೂ ನೋಡದೆ ಗಾಡಿಗೆ ಹೇಳಿದರು.

ಮಧ್ಯಾಹ್ನಕ್ಕೆ ಮೊದಲೇ ಕೂಸು ಆಸ್ಪತ್ರೆ ಸೇರಿತು. ರಕ್ತದ ಪರೀಕ್ಷೆಯಲ್ಲಿ ಕಾಮಾಲೆ ಏರಿ ಕೂತಿತ್ತು. ಹೀಗೇ ಇನ್ನೊಂದು ದಿನ ‘ಶಾಂತವಾಗಿ’ ಮಲಗಿದ್ದರೆ ಅದು ಮಿದುಳಿಗೆ ಇಳಿಯುತ್ತಿತ್ತು. ನೀಲಿ ಬೆಳಕಿನ ಪೆಟ್ಟಿಗೆಯೊಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಕೂಸು ಸಂಜೆಗೆ ಕಿರುಚಿ ಅತ್ತಿತು. ಇಂಚರಾ ತನ್ನ ಬದುಕಿನಲ್ಲಿ ಕೇಳಿದ ಅತ್ಯಂತ ಇಂಪಾದ ದನಿ ಅದು.

ಆದರೆ ನದಾಫರಿಗೆ ನೆಮ್ಮದಿ ಇರಲಿಲ್ಲ. ಈ ತಿಂಗಳುಗಳಲ್ಲಿ ಹಗಲು ಪರದೆಯನ್ನು ತೇಜಸ್ವಿನಿ ಇದ್ದ ದಿನಗಳಲ್ಲಿ ಮಾತ್ರ ಹಚ್ಚುತ್ತಿದ್ದರು. ಉಳಿದ ದಿನ ಚಂದ್ರಿಕಾ ಒಂದೇ. ಅದರಲ್ಲಿ ನೋಡಿ, ಚಲೋ ಐತಿ ಎಂದು ಬಿಟ್ಟ ಕೂಸುಗಳೆಷ್ಟೋ. ಆ ಚಿತ್ರಗಳನ್ನು ತಿದ್ದುಪಡಿ ತೆಗೆದು ಇನ್ನೊಮ್ಮೆ ತೋರಿಸಿ ಎಂದು ಅವರು ಕಂಪನಿಯನ್ನು ಕೇಳಿದರು. ಕಂಪನಿಯ ಉತ್ತರ ವಿನಯವಾಗಿತ್ತು: ತಿದ್ದಿದ ಚಿತ್ರವನ್ನಷ್ಟೇ ಇಡುತ್ತೇವೆ, ಮೂಲವನ್ನು ಇಡುವ ಪದ್ಧತಿ ಇಲ್ಲ.

ಎಂದರೆ ಅಷ್ಟೂ ಕೂಸುಗಳ ನಿಜವಾದ ಬಣ್ಣ ಎಲ್ಲಿಯೂ ಉಳಿದಿರಲಿಲ್ಲ.

ಮಾರನೆಯ ಮಧ್ಯಾಹ್ನ ನದಾಫರು, ತೇಜಸ್ವಿನಿ, ನರ್ಸುಗಳು ಎಲ್ಲರೂ ಕೂತು ಮನೆಮನೆಗೆ ಫೋನು ಮಾಡಿದರು. ಎಲ್ಲರಿಗೂ ಒಂದೇ ಮಾತು: ಕೂಸನ್ನ ಬಾಗಲಾಕ ತಗೊಂಡು ಬರ್ರಿ. ಇಡೀ ಜಿಲ್ಲೆಯಲ್ಲಿ ಹೆಂಗಸರು ಕತ್ತಲೆ ಕೋಣೆಗಳಿಂದ ಎದ್ದು, ಹೊಸ್ತಿಲಿಗೆ ಬಂದು, ಮಡಿಲಿನ ಮಗುವನ್ನು ಬಿಸಿಲಿಗೆ ಹಿಡಿದು ನೋಡಿದರು. ಹೆಚ್ಚಿನವು ಚೆನ್ನಾಗಿಯೇ ಇದ್ದವು. ಎರಡು ಕೂಸುಗಳಿಗೆ ಗಾಡಿ ಹೋಯಿತು. ಮೂರು ತಿಂಗಳ ಮಗುವಿದ್ದ ಮನೆಯೊಂದರಲ್ಲಿ ಅಜ್ಜಿ ಫೋನು ಎತ್ತಿ, “ಅಂವಗೇನಾಗೈತ್ರಿ? ಗಟ್ಟ್ಯಾಗ್ಯಾನ,” ಎಂದಳು. “ಭಾಳ ಧೈರ್ಯದಾಂವ. ಬಾಜೂಕ ತಾಟು ಬಿದ್ರೂ ಬೆಚ್ಚಿ ಬೀಳೂದಿಲ್ಲ.”

ನದಾಫರು ಫೋನು ಕೆಳಗಿಟ್ಟು, ಪಟ್ಟಿಯಲ್ಲಿ ಆ ಮಗುವಿನ ಹೆಸರಿನ ಮುಂದೆ ‘ಕಿವಿ’ ಎಂದು ಬರೆದರು. ತಲೆಗೇರಿದ ಕಾಮಾಲೆ ಮೊದಲು ಕಸಿದುಕೊಳ್ಳುವುದು ಕಿವಿಯನ್ನು.

ತೇಜಸ್ವಿನಿ ಹಾವನೂರರ ಕೋಣೆಗೆ ಹೋದರು. ಬಾಗಿಲು ತಟ್ಟಲಿಲ್ಲ. “ಒಂದು ಹುಡುಗ ಕಿವುಡ ಆಗ್ಯಾನ. ನೀವು ಎಣಸಿದ ತೊಂಬತ್ತು ಮಂದಿ ಬಂದು ಅವಗ ಉತ್ತರ ಹೇಳತಾರೇನು?”

ಹಾವನೂರರ ಮುಖ ಬಿಳಿಚಿಕೊಂಡಿತ್ತು. “ಕಂಪನ್ಯಾವರನ್ನ ನಾನೂ ಬೈದೆ ಮೇಡಮ್. ಯಾರು ಈ ಪರದೀಗೆ ಇಂಥಾದ್ದೆಲ್ಲ ಕಲಿಸಿದವರು ಅಂತ ಕೇಳಿದೆ. ‘ಹಳದಿ ಅಳಸು ಅಂತ ನಾವು ಹೇಳಿದ್ದು ಖರೆ. ಆದ್ರ ಚಂದದ ಬಣ್ಣ ಅಂದ್ರ ಯಾವುದು ಅಂತ ನಾವು ಕಲಿಸಿಲ್ಲ, ಮಂದಿ ಕಲಿಸ್ಯಾರ’ ಅಂದ್ರು.”

“ಯಾವ ಮಂದಿ?”

“ಮೂವತ್ತು ವರ್ಷದ ಹಿಂದಿನವರು. ಆಗ ಎಲ್ಲಾರೂ ಫೋನಿನ್ಯಾಗ ಮಕ್ಕಳ ಫೋಟೋ ತಗದು, ಬೆರಳಲೆ ಎಳದು ಬೆಳ್ಳಗ ಮಾಡಿ ಮಂದೀಗೆ ಕಳಸತಿದ್ರಂತ. ತಿದ್ದೂಕಿಂತ ಮೊದಲಿನ ಫೋಟೋ ಒಂದು, ತಿದ್ದಿದ್ದು ಒಂದು. ಅಂಥಾ ಕೋಟ್ಯಂತರ ಜೋಡಿ ನೋಡಿ ನೋಡಿ ಚಂದ್ರಿಕಾ ಕಲತೈತಿ. ಕೂಸು ಹೆಂಗಿದ್ರ ಮಂದೀಗೆ ಸೇರತೈತಿ ಅನ್ನೂದನ್ನ.”

ತೇಜಸ್ವಿನಿಯ ಸಿಟ್ಟಿಗೆ ಇಲ್ಲಿಯತನಕ ಎದುರಿಗೊಬ್ಬ ಮನುಷ್ಯನಿದ್ದ. ಈಗ ಅದು ಎಲ್ಲಿಗೆ ತಿರುಗಬೇಕೆಂದು ತಿಳಿಯದೆ ನಿಂತಿತು.

ಡಾಕ್ಟರ ಮುಂದೆ ಮತ್ತೆ ಹಗಲು ಬಂತು. ಅಜ್ಜಿಯರು ಅದನ್ನು ನೋಡಿ ಆಮೇಲೂ ಮುಖ ಕಿವುಚುತ್ತಿದ್ದರು. ಕಂಪನಿಯವರು ಚಂದ್ರಿಕಾದ ತಿದ್ದುಪಡಿಯನ್ನು ಮನೆಮನೆಯ ಫೋನುಗಳಿಗೆ ಮಾರುತ್ತಿದ್ದರು, ಭರದಿಂದ.

ಮೂರನೆಯ ದಿನ ಕೂಸನ್ನು ನೀಲಿ ಪೆಟ್ಟಿಗೆಯಿಂದ ಹೊರತೆಗೆದರು. ಇಂಚರಾ ಅದಕ್ಕೆ ಹಾಲು ಕುಡಿಸಿ, ಕಿಟಕಿಯ ಹತ್ತಿರ ಕೂತಳು. ಪೂರ್ಣಿಮಾ ಫೋನು ಹಿಡಿದು ಬಂದಳು. “ತಡಿ, ಬೀಗರಿಗೆ ಒಂದು ಫೋಟೋ ಕಳಸೂಣು. ದಿನಾ ಕೇಳಾಕತ್ತಾರ.”

ಫೋನಿನಲ್ಲಿ ಮೂಡಿದ ಮೊಮ್ಮಗಳು ಬೆಳ್ಳಗೆ, ಗುಲಾಬಿಯಾಗಿ ಇದ್ದಳು. ಪೂರ್ಣಿಮಾ ಅದನ್ನು ಮಗಳಿಗೆ ತೋರಿಸಿದಳು. ಇಂಚರಾ ಫೋನನ್ನು ನೋಡಿದಳು, ಮಡಿಲಿನ ಮಗುವನ್ನು ನೋಡಿದಳು. ಮಗು ಗೋಧಿಬಣ್ಣಕ್ಕಿತ್ತು. ಕೆನ್ನೆಯಲ್ಲಿ ಇನ್ನೂ ಸ್ವಲ್ಪ ಹಳದಿ, ಕಿವಿಯ ತುದಿಯಲ್ಲಿ ಕಪ್ಪು.

“ಇದು ನಮ್ಮ ಕೂಸಲ್ಲವ್ವ,” ಎಂದಳು.

“ಫೋಟೋದಾಗ ಒಂಚೂರು ಬೆಳ್ಳಗ ಬರತೈತಿ. ಎಲ್ಲಾರದೂ ಹಂಗ.”

“ನಮ್ಮನಿ ಗ್ವಾಡಿ ಮ್ಯಾಲೆ ನಾ ತೊಟ್ಟಲದಾಗ ಇದ್ದ ಫೋಟೋ ಐತಲ್ಲ, ಅದನ್ನೂ ಹಿಂಗ ಮಾಡಿದ್ದೇನು?”

“ಎಲ್ಲಾರೂ ಮಾಡತಿದ್ರು ಬಿಡು,” ಎಂದಳು ಪೂರ್ಣಿಮಾ. “ನಮ್ಮತ್ತಿ ಏನಾರ ಅಂತಾಳ, ಮಂದಿ ಏನಾರ ಅಂತಾರ ಅಂತ ಬೆರಳಲೆ ಒಂದೀಟು ಎಳಿತಿದ್ವಿ. ಅದರಾಗ ಏನೈತಿ?”

“ಏನಿಲ್ಲ. ಖರೇನ ನಾ ಆಗ ಹೆಂಗಿದ್ದೆ, ಅದನ್ನ ಹೇಳು.”

ಪೂರ್ಣಿಮಾ ಹೇಳಲು ಬಾಯಿ ತೆರೆದಳು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಗೋಡೆಯ ಮೇಲಿನ ಚಿತ್ರವೇ ಕಣ್ಮುಂದೆ ಬಂತು. ಅದನ್ನು ಸರಿಸಿ ಅದರ ಹಿಂದೆ ಹುಡುಕಿದಳು. ಮೂವತ್ತು ವರ್ಷದ ಹಿಂದಿನ ಆ ಸಂಜೆ, ಬಾಣಂತಿ ಕೋಣೆ, ಬೆರಳ ತುದಿಯ ಕೆಳಗೆ ಬೆಳ್ಳಗಾಗುತ್ತ ಹೋದ ಪುಟ್ಟ ಮುಖ, ಎಲ್ಲ ನೆನಪಿತ್ತು. ಕೂಸೂ ತೊಡೆಯ ಮೇಲೇ ಇತ್ತು, ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತ.

ಅವಳು ಮಾತ್ರ ಫೋನು ನೋಡುತ್ತಿದ್ದಳು.